ನಡುಗುವ ನೆಲದ ಮೇಲಿನ ನೊರ್ಚಾ

ಕಸುಬಿನಿಂದ ಊರಿಗೆ ಹೆಸರು ಬರುವುದುಂಟು. ಊರಿನಿಂದ ಕಸುಬಿಗೆ ಹೆಸರು ಬರುವುದು ಅಪರೂಪ. ಇಟಲಿಯ ರೋಮ್ ನಗರದ ಬೀದಿಗಳಲ್ಲಿ ನೀವು ನಡೆದುಹೋಗುತ್ತಿದ್ದರೆ ಕೆಲವು ಅಂಗಡಿಗಳ ಮೇಲೆ 'ನೊರ್ಚಿನೆರೀಯ' ಎಂಬ ಹಲಗೆ ಕಾಣುತ್ತದೆ. ಉಪ್ಪು ಸವರಿ ಒಣಗಿಸಿದ ಹಂದಿಮಾಂಸವನ್ನು ಮಾರುವ ಅಂಗಡಿ ಎಂದು ಅದರ ಅರ್ಥ. ಆ ಕಸುಬು ಬಲ್ಲವನಿಗೆ 'ನೊರ್ಚೀನೊ' ಎಂದು ಹೆಸರು. ಅವನು ಹುಟ್ಟಿದ್ದು ಇಟಲಿಯ ಯಾವ ಮೂಲೆಯಲ್ಲೇ ಆಗಲಿ, ಶಬ್ದವನ್ನು ಬಿಡಿಸಿ ನೋಡಿದರೆ ಅವನು 'ನೊರ್ಚಾ ಊರಿನವನು' ಎಂದೇ ಆಗುತ್ತದೆ.

ಹೀಗೆ ಒಂದು ದೇಶದ ನಿಘಂಟಿನಲ್ಲೇ ಸ್ಥಳ ಹಿಡಿದ ಈ ಊರು ದೊಡ್ಡ ನಗರವೇನಲ್ಲ. ಸುತ್ತಣ ಹಳ್ಳಿಗಳನ್ನೂ ಸೇರಿಸಿಕೊಂಡರೆ ಅಲ್ಲಿನ ಜನಸಂಖ್ಯೆ ಐದು ಸಾವಿರವನ್ನು ಮುಟ್ಟುವುದಿಲ್ಲ. ಆದರೆ ಈ ಪುಟ್ಟ ಪಟ್ಟಣ ಯೂರೋಪ್ ಖಂಡಕ್ಕೆ ಒಬ್ಬ ಮಹಾಸಂತನನ್ನು ಕೊಟ್ಟಿದೆ. ಇಟಲಿಯ ಅಡಿಗೆಮನೆಗೆ ಮೂರು ನಾಲ್ಕು ಹೆಸರಾಂತ ಪದಾರ್ಥಗಳನ್ನು ಕೊಟ್ಟಿದೆ. ನೂರು ನೂರೈವತ್ತು ವರ್ಷಗಳಿಗೊಮ್ಮೆ ಭೂಕಂಪಕ್ಕೆ ಸಿಕ್ಕಿ ನುಗ್ಗಾಗಿದೆ. ಪ್ರತಿಸಲವೂ ಅದೇ ಜಾಗದಲ್ಲಿಯೇ ಎದ್ದು ನಿಂತಿದೆ. ನೆಲವೇ ನಂಬಿಕೆಗೆ ಅರ್ಹವಲ್ಲದ ಕಡೆ ಜನ ಬದುಕುವುದು ಹೇಗೆ, ಬದುಕುವ ವಿದ್ಯೆಯನ್ನು ಕಲಿಯುವುದು ಹೇಗೆ ಎಂಬುದಕ್ಕೆ ನೊರ್ಚಾದ ಚರಿತ್ರೆ ಒಂದು ಒಳ್ಳೆಯ ಪಾಠ. ಅದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಊರಿರುವ ನೆಲೆಯನ್ನು ನೋಡೋಣ. ಇಟಲಿಯ ಭೂಪಟವನ್ನು ಬಿಡಿಸಿದರೆ ಪಾದರಕ್ಷೆಯ ಆಕಾರದ ಆ ದೇಶದ ಉದ್ದಕ್ಕೂ ಬೆನ್ನೆಲುಬಿನಂತೆ ಅಪೆನ್ನೈನ್ ಪರ್ವತಶ್ರೇಣಿ ಹಬ್ಬಿರುವುದು ಕಾಣುತ್ತದೆ. ದೇಶದ ನಡುಮಧ್ಯದಲ್ಲಿ, ರೋಮಿನ ಈಶಾನ್ಯಕ್ಕೆ, ಉಂಬ್ರಿಯಾ ಎಂಬ ಪ್ರಾಂತವಿದೆ. ಇಟಲಿಯ ಪ್ರಾಂತಗಳಲ್ಲಿ ಬಹುಪಾಲು ಸಮುದ್ರವನ್ನು ಮುಟ್ಟುತ್ತವೆ; ಉಂಬ್ರಿಯಾ ಮುಟ್ಟುವುದಿಲ್ಲ. ಅದರ ಪೂರ್ವದ ಅಂಚಿನಲ್ಲಿ, ಸಿಬಿಲ್ಲೀನಿ ಪರ್ವತಗಳ ಬುಡದಲ್ಲಿ, ಸಮುದ್ರಮಟ್ಟದಿಂದ ಸುಮಾರು ೬೦೦ ಮೀಟರ್ ಎತ್ತರದ ಒಂದು ಬಯಲಿನ ಅಂಚಿಗೆ ನೊರ್ಚಾ ಕುಳಿತಿದೆ. ಊರನ್ನು ಬಳಸಿ ಮಧ್ಯಯುಗದ ಕೋಟೆಗೋಡೆಯಿದೆ. ಮೇಲಿನಿಂದ ನೋಡಿದರೆ ಅದರ ಆಕಾರ ಹೃದಯದಂತಿದೆ ಎನ್ನುತ್ತಾರೆ. ಹತ್ತಿರ ಹರಿಯುವ ಪುಟ್ಟ ಹೊಳೆಗೆ 'ಸೋರ್ದೊ' ಎಂದು ಹೆಸರು. ಆ ಮಾತಿಗೆ 'ಕಿವುಡ' ಎಂದರ್ಥ. ಈ ಕಿವುಡು ಹೊಳೆಯ ನೀರು ಕೊನೆಗೆ ನೇರಾ ನದಿಯನ್ನು ಸೇರಿ, ನೇರಾ ಟೈಬರ್ ನದಿಯನ್ನು ಸೇರಿ, ರೋಮ್ ನಗರವನ್ನು ಹಾಯ್ದು ಸಮುದ್ರಕ್ಕೆ ಹೋಗುತ್ತದೆ.

ಬಯಲಿನ ತಗ್ಗಿನಲ್ಲಿ ಮಾರ್ಚೀತೆ ಎಂಬ ನೀರುಗಾವಲುಗಳಿವೆ. ಊಟೆಗಳಿಂದ ಹೊರಡುವ ನೀರನ್ನು ಸಣ್ಣ ಸಣ್ಣ ಕಾಲುವೆಗಳಲ್ಲಿ ತಂದು ಹುಲ್ಲಿನ ಮೇಲೆ ತೆಳುವಾಗಿ ಹರಿಸುತ್ತಾರೆ. ಊಟೆಯ ನೀರು ಚಳಿಗಾಲದಲ್ಲೂ ಹೆಪ್ಪುಗಟ್ಟದಷ್ಟು ಬೆಚ್ಚಗಿರುವುದರಿಂದ, ಸುತ್ತಲೂ ಹಿಮ ಬಿದ್ದಿದ್ದರೂ ಇಲ್ಲಿ ಹುಲ್ಲು ಹಸಿರಾಗಿರುತ್ತದೆ. ಇದು ಬೆನಡಿಕ್ಟ್ ಪಂಥದ ಸಂನ್ಯಾಸಿಗಳು ಕಲಿಸಿಕೊಟ್ಟ ಉಪಾಯವೆಂದು ಅಲ್ಲಿನ ಪ್ರತೀತಿ.

ಊರಿನ ಮೂಲನಿವಾಸಿಗಳು ಸಬೈನರೆಂಬ ಗುಡ್ಡಗಾಡಿನ ಜನ. ಕ್ರಿ.ಪೂ. ೨೯೦ರಲ್ಲಿ ರೋಮನರು ಸಬೈನರನ್ನು ಗೆದ್ದರು. ಊರು 'ನೂರ್ಸಿಯಾ' ಎಂಬ ಹೆಸರಿನಿಂದ ರೋಮನ್ ರಾಜ್ಯಕ್ಕೆ ಸೇರಿತು. ರೋಮಿನ ಮಹಾಕವಿ ವರ್ಜಿಲನು ತನ್ನ ಕಾವ್ಯದಲ್ಲಿ ಇದನ್ನು ಚಳಿಯ ಊರೆಂದು ಕರೆದಿದ್ದಾನೆ. ಪ್ರಕೃತಿ ವಿಷಯಗಳನ್ನೆಲ್ಲ ಬರೆದಿಟ್ಟ ಪ್ಲಿನಿ ಪಂಡಿತನು ಟರ್ನಿಪ್ ಗೆಡ್ಡೆಗಳಲ್ಲಿ ನೂರ್ಸಿಯಾದ ಗೆಡ್ಡೆಗೇ ಮೊದಲ ಮರ್ಯಾದೆ ಎಂದು ಹೇಳಿ, ಅದರ ಧಾರಣೆ ಪೌಂಡಿಗೆ ಒಂದು ಸೆಸ್ಟರ್ಸ್ ನಾಣ್ಯ, ಬರ ಬಂದಾಗ ಎರಡು ಎಂದು ಸಂತೆಯ ಲೆಕ್ಕವನ್ನೂ ಕೊಟ್ಟಿದ್ದಾನೆ. ಊರಿನ ತಿನಿಸಿಗೆ ಹೆಸರು ಬಂದದ್ದು ನಿನ್ನೆ ಮೊನ್ನೆಯಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಚಳಿಯ ನಾಡಿನ ಜನ ಹಟಮಾರಿಗಳೂ ಆಗಿದ್ದರು. ರೋಮಿನ ಪ್ರಭುತ್ವವನ್ನು ಎದುರು ಹಾಕಿಕೊಂಡು ಸ್ಪೇನಿನಲ್ಲಿ ವರ್ಷಗಟ್ಟಲೆ ಹೋರಾಡಿದ ಸೆರ್ಟೋರಿಯಸ್ ಎಂಬ ಸೇನಾನಿ ಈ ಊರಿನವನು. ಇನ್ನೊಂದು ಪ್ರಸಂಗವನ್ನು ಚರಿತ್ರಕಾರ ಸ್ವೆಟೋನಿಯಸ್ ಹೇಳುತ್ತಾನೆ. ಕ್ರಿ.ಪೂ. ೪೩ರಲ್ಲಿ ಮೂಟಿನಾ ಎಂಬಲ್ಲಿ ನಡೆದ ಯುದ್ಧದಲ್ಲಿ ಈ ಊರಿನವರು ಕೆಲವರು ಮಡಿದರು. ಊರವರು ಸಾರ್ವಜನಿಕ ಹಣದಿಂದ ಅವರಿಗೊಂದು ಸಮಾಧಿ ಕಟ್ಟಿಸಿ, ಇವರು ಸ್ವಾತಂತ್ರ್ಯಕ್ಕಾಗಿ ಸತ್ತರೆಂದು ಅದರ ಮೇಲೆ ಬರೆಸಿದರು. ಮುಂದೆ ಆಗಸ್ಟಸ್ ಚಕ್ರವರ್ತಿಯಾಗಲಿದ್ದ ಆಕ್ಟೇವಿಯನನಿಗೆ ಆ ಒಂದು ಮಾತು ಸಹಿಸಲಿಲ್ಲ. ತೆರಲು ಸಾಧ್ಯವೇ ಇಲ್ಲದಷ್ಟು ದಂಡವನ್ನು ಊರಿನ ಮೇಲೆ ಹೇರಿ, ಅದನ್ನು ಕೊಡಲಾರದೆ ಹೋದ ಜನರನ್ನು ಊರು ಬಿಡಿಸಿ ಓಡಿಸಿದನು. ಶಾಸನದ ಒಂದು ಸಾಲಿಗಾಗಿ ಒಂದು ಊರೇ ನೆಲೆ ಕಳೆದುಕೊಂಡಿತು. ಚಮತ್ಕಾರವೆಂದರೆ, ಅದೇ ಊರಿನ ವೆಸ್ಪಾಸಿಯಾ ಪೋಲ್ಲಾ ಎಂಬಾಕೆಯ ಮಗ ವೆಸ್ಪಾಸಿಯನನು ಒಂದು ಶತಮಾನದ ತರುವಾಯ, ಕ್ರಿ.ಶ. ೬೯ರಲ್ಲಿ, ರೋಮಿನ ಸಿಂಹಾಸನವನ್ನೇರಿದನು.

ಆದರೆ ನೊರ್ಚಾದ ಹೆಸರನ್ನು ಚಿರಸ್ಥಾಯಿ ಮಾಡಿದವನು ಸೇನಾನಿಯೂ ಅಲ್ಲ, ಚಕ್ರವರ್ತಿಯೂ ಅಲ್ಲ. ರೋಮನ್ ಸಾಮ್ರಾಜ್ಯ ಪಶ್ಚಿಮದಲ್ಲಿ ಕುಸಿದುಬಿದ್ದಿದ್ದ ಕಾಲದಲ್ಲಿ, ಸುಮಾರು ೪೮೦ರಲ್ಲಿ, ಇಲ್ಲಿ ಬೆನಡಿಕ್ಟ್ ಹುಟ್ಟಿದನು. ಸ್ಕೊಲಾಸ್ಟಿಕಾ ಎಂಬವಳು ಅವನ ಅವಳಿ ಸೋದರಿಯೆಂದು ಸಂಪ್ರದಾಯ ಹೇಳುತ್ತದೆ. ವಿದ್ಯೆಗೆಂದು ರೋಮಿಗೆ ಹೋದ ಹುಡುಗ ಅಲ್ಲಿನ ನಡವಳಿಕೆಗೆ ಬೇಸತ್ತು, ಸುಬಿಯಾಕೊ ಎಂಬಲ್ಲಿ ಗುಹೆಯೊಂದರಲ್ಲಿ ಮೂರು ವರ್ಷ ಒಂಟಿಯಾಗಿ ತಪಸ್ಸು ಮಾಡಿದನು. ಅನಂತರ ಸುಮಾರು ೫೨೯ರಲ್ಲಿ ಮೋಂತೆ ಕಸ್ಸೀನೊ ಬೆಟ್ಟದ ಮೇಲೆ ಮಠವನ್ನು ಕಟ್ಟಿದನು. ಅಲ್ಲಿ ಅವನು ಬರೆದ ೭೩ ಅಧ್ಯಾಯಗಳ ನಿಯಮಗ್ರಂಥ ಪಶ್ಚಿಮ ಯೂರೋಪಿನ ಮಠಗಳಿಗೆಲ್ಲ ಮೇಲ್ಪಂಕ್ತಿಯಾಯಿತು. ದಿನವನ್ನು ಪ್ರಾರ್ಥನೆ, ಓದು, ಮೈಮುರಿವ ದುಡಿಮೆ ಎಂದು ಹಂಚಿಕೊಳ್ಳಬೇಕೆಂಬುದು ಅದರ ಸಾರ. ಸಾಮ್ರಾಜ್ಯ ಮುರಿದುಬಿದ್ದ ಕಾಲದಲ್ಲಿ ಹೊಲ ಉಳುವ, ಪುಸ್ತಕ ನಕಲು ಮಾಡುವ, ರೋಗಿಗಳನ್ನು ನೋಡಿಕೊಳ್ಳುವ ಕೆಲಸಗಳನ್ನು ಈ ಮಠಗಳು ಹಿಡಿದು ನಿಲ್ಲಿಸಿದುವು. ೧೯೬೪ರಲ್ಲಿ ಪೋಪ್ ಆರನೆಯ ಪಾಲ್ ಬೆನಡಿಕ್ಟನನ್ನು ಯೂರೋಪಿನ ಪಾಲಕಸಂತನೆಂದು ಸಾರಿದರು.

ಕಸ್ಸೀನೊ ಬೆಟ್ಟದ ಮಠದೊಡನೆ ನಮ್ಮ ದೇಶಕ್ಕೂ ಒಂದು ದುಃಖದ ನಂಟುಂಟು. ಎರಡನೆಯ ಮಹಾಯುದ್ಧದಲ್ಲಿ, ೧೯೪೪ರ ಫೆಬ್ರವರಿ ೧೫ರಂದು, ಮಿತ್ರರಾಷ್ಟ್ರಗಳ ವಿಮಾನಗಳು ಆ ಮಠವನ್ನು ಬಾಂಬು ಹಾಕಿ ಪುಡಿಮಾಡಿದುವು. ಅದರ ಬೆನ್ನಿಗೇ ಬೆಟ್ಟವನ್ನು ಹತ್ತಿ ಹೋರಾಡಿದ್ದು ಭಾರತದ ನಾಲ್ಕನೆಯ ಡಿವಿಜನ್. ಆ ಇಳಿಜಾರಿನಲ್ಲಿ ಮಡಿದ ಅನೇಕ ಭಾರತೀಯ ಯೋಧರ ಹೆಸರುಗಳು ಇಂದಿಗೂ ಕಸ್ಸೀನೊ ಪಟ್ಟಣದ ಯುದ್ಧಸ್ಮಶಾನದಲ್ಲಿವೆ. ಮಠವನ್ನು ಮತ್ತೆ ಕಟ್ಟಿದರು. ಕಡಿದ ಮರ ಚಿಗುರುವುದೆಂಬ ಅರ್ಥದ ಲ್ಯಾಟಿನ್ ಮಾತು ಆ ಮಠದ ಧ್ಯೇಯವಾಕ್ಯ.

ಇನ್ನು ಊಟದ ಮಾತಿಗೆ ಬರೋಣ. ಬೆನಡಿಕ್ಟನ ನಿಯಮಗಳಲ್ಲಿ ಆಹಾರದ ವಿಚಾರಕ್ಕೇ ಅಧ್ಯಾಯಗಳುಂಟು. ಊಟಕ್ಕೆ ಬೇಯಿಸಿದ ಪದಾರ್ಥಗಳು ಎರಡಿರಲಿ. ಒಬ್ಬನಿಗೆ ಒಂದು ಸೇರದಿದ್ದರೆ ಇನ್ನೊಂದಾದರೂ ಸೇರಲಿ. ಹಣ್ಣೋ ಎಳೆಯ ತರಕಾರಿಯೋ ಸಿಕ್ಕಿದರೆ ಮೂರನೆಯದಾಗಲಿ. ದಿನಕ್ಕೊಂದು ಪೌಂಡು ರೊಟ್ಟಿ. ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು, ತೀರ ನಿತ್ರಾಣರಾದ ರೋಗಿಗಳ ಹೊರತು, ಯಾರೂ ಮುಟ್ಟಕೂಡದು. ಹೀಗೆ ವಿಧಿಸಿದವನ ಜನ್ಮಸ್ಥಳವೇ ಹಂದಿಮಾಂಸದ ಕಸುಬಿಗೆ ಲೋಕಪ್ರಸಿದ್ಧವಾಯಿತೆಂಬುದು ಚರಿತ್ರೆಯ ವಿನೋದ. ಆ ಕಸುಬುದಾರರು ಮಾತ್ರ ಇದರಲ್ಲಿ ಯಾವ ವಿರೋಧವನ್ನೂ ಕಾಣಲಿಲ್ಲ. ರೋಮಿನಲ್ಲಿ ನೆಲೆಸಿದ್ದ ನೊರ್ಚೀನೊಗಳ ಸಂಘವನ್ನು ೧೬೧೫ರಲ್ಲಿ ಪೋಪ್ ಐದನೆಯ ಪಾಲ್ ಮನ್ನಿಸಿದಾಗ, ಅವರು ತಮ್ಮ ಸಂಘಕ್ಕೆ ಇಟ್ಟುಕೊಂಡಿದ್ದು ಸಂತ ಬೆನಡಿಕ್ಟ್ ಮತ್ತು ಸಂತ ಸ್ಕೊಲಾಸ್ಟಿಕಾ ಇವರ ಹೆಸರನ್ನೇ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಾಂಸದ ಮಾತೇ ಆಗದು. ಆದರೂ ಈ ಕಸುಬು ಹುಟ್ಟಿದ ಕಾರಣವನ್ನು ತಿಳಿಯುವುದರಲ್ಲಿ ದೋಷವಿಲ್ಲ. ಬೆಟ್ಟದ ಊರು; ಚಳಿಗಾಲದಲ್ಲಿ ಹಿಮ ಬಿದ್ದು ಬೇಸಾಯ ನಿಂತುಹೋಗುತ್ತದೆ. ಸುತ್ತ ಓಕ್ ಮರದ ಕಾಡು. ಅದರ ಬೀಜ ತಿಂದು ಹಂದಿ ಬೆಳೆಯುತ್ತದೆ. ಒಣ ಚಳಿಗಾಳಿಯಲ್ಲಿ ಮಾಂಸ ಕೆಡದೆ ಒಣಗುತ್ತದೆ. ಹೀಗೆ ಬಡತನ, ಕಾಡು, ಗಾಳಿ ಮೂರೂ ಸೇರಿ ಒಂದು ವಿದ್ಯೆಯಾಯಿತು. ಶರತ್ಕಾಲ ಬಂತೆಂದರೆ ಊರಿನ ಗಂಡಸರು ಕತ್ತಿಗಳ ಗಂಟು ಕಟ್ಟಿಕೊಂಡು ರೋಮಿಗೆ, ಟಸ್ಕನಿಗೆ ಇಳಿದು, ಮನೆಮನೆಯಲ್ಲೂ ಹಂದಿ ಕಡಿದು, ಉಪ್ಪು ಹಾಕಿ, ಹಸನುಮಾಡಿ ಕೊಟ್ಟು, ವಸಂತಕ್ಕೆ ಹಿಂದಿರುಗುತ್ತಿದ್ದರು. ನೊರ್ಚಾದ 'ಪ್ರೊಶ್ಯೂತ್ತೊ' ಎಂದರೆ ಹಂದಿಯ ಹಿಂದೊಡೆಗೆ ಉಪ್ಪು ತಿಕ್ಕಿ, ಮೆಣಸು ಸವರಿ, ತಿಂಗಳುಗಟ್ಟಲೆ ಗಾಳಿಗೆ ತೂಗುಹಾಕಿ ಮಾಗಿಸಿದ್ದು. ಸಮುದ್ರಮಟ್ಟದಿಂದ ೫೦೦ ಮೀಟರಿಗಿಂತ ಎತ್ತರದಲ್ಲಿ, ಕನಿಷ್ಠ ಹನ್ನೆರಡು ತಿಂಗಳು ಮಾಗದೆ ಅದಕ್ಕೆ ಆ ಹೆಸರು ಸಲ್ಲದು. ೧೯೯೭ರಿಂದ ಯೂರೋಪಿನ ಕಾನೂನು ಈ ಹೆಸರಿಗೆ ರಕ್ಷಣೆ ಕೊಟ್ಟಿದೆ.

ಕತ್ತಿಯ ಈ ಕೈಚಳಕ ಇನ್ನೊಂದು ದಾರಿಯನ್ನೂ ಹಿಡಿಯಿತು. ನೊರ್ಚಾದ ಬಳಿ ಪ್ರೇಚಿ ಎಂಬ ಹಳ್ಳಿಯಿದೆ. ಅದರ ಸಮೀಪದಲ್ಲೇ ಸಂತ ಯೂಟಿಷಿಯಸನ ಹಳೆಯ ಮಠ. ಮಠದ ಸಂನ್ಯಾಸಿಗಳು ಔಷಧ ಕೊಡುತ್ತಿದ್ದರು, ವ್ರಣಗಳಿಗೆ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದರು. ೧೨೧೫ರ ಧರ್ಮಸಭೆ ಪಾದ್ರಿಗಳು ಕೊಯ್ಯುವ, ಸುಡುವ ಚಿಕಿತ್ಸೆಗೆ ಕೈಹಾಕಬಾರದೆಂದು ಕಟ್ಟುಮಾಡಿತು. ಆಗ ಆ ವಿದ್ಯೆ ಮಠದಿಂದ ಹಳ್ಳಿಯವರ ಕೈಗೆ ದಾಟಿತೆಂದೂ, ಹಂದಿಯ ಅಂಗರಚನೆಯನ್ನು ಚೆನ್ನಾಗಿ ಬಲ್ಲ ಅವರು ಅದನ್ನು ಬೇಗ ಕೈವಶ ಮಾಡಿಕೊಂಡರೆಂದೂ ಹೇಳುತ್ತಾರೆ. ಮೂತ್ರಕೋಶದ ಕಲ್ಲು ತೆಗೆಯುವುದರಲ್ಲಿ, ಕಣ್ಣಿನ ಪೊರೆ ಸರಿಸುವುದರಲ್ಲಿ ಪ್ರೇಚಿಯ ಮನೆತನಗಳು ಶತಮಾನಗಳ ಕಾಲ ಯೂರೋಪಿನ ಅರಮನೆಗಳವರೆಗೂ ಹೆಸರು ಪಡೆದುವು. ವಿದ್ಯೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಗುಟ್ಟು ಮನೆಯಿಂದ ಹೊರಗೆ ಹೋಗುತ್ತಿರಲಿಲ್ಲ.

ಈ ನೆಲದ ಇನ್ನೊಂದು ಸಂಪತ್ತು ನೆಲದೊಳಗೇ ಅಡಗಿರುತ್ತದೆ. ಓಕ್, ಹೇಜಲ್ ಮುಂತಾದ ಮರಗಳ ಬೇರನ್ನು ಆಶ್ರಯಿಸಿ ಮಣ್ಣಿನಡಿಯಲ್ಲಿ ಬೆಳೆಯುವ ಕಪ್ಪು ಅಣಬೆ ಅದು. ಟ್ರಫಲ್ ಎಂದು ಅದರ ಹೆಸರು. ನೋಡಲು ಕರಿಯ ಗಂಟು. ಪರಿಮಳ ಮಾತ್ರ ಅಪೂರ್ವವೆಂದು ತಿಂದವರು ಹೇಳುತ್ತಾರೆ. ಡಿಸೆಂಬರಿನಿಂದ ಮಾರ್ಚ್ ನಡುವಿನವರೆಗೆ ಅದರ ಕಾಲ. ಹಿಂದೆ ಹೆಣ್ಣು ಹಂದಿಯ ಮೂಗಿನ ನೆರವಿನಿಂದ ಹುಡುಕುತ್ತಿದ್ದರು. ಆದರೆ ಹಂದಿ ಬೇರನ್ನು ಬಗೆದು ಹಾಳುಮಾಡುತ್ತದೆ, ಸಿಕ್ಕಿದ್ದನ್ನು ತಾನೇ ತಿಂದುಬಿಡುತ್ತದೆ. ೧೯೮೫ರ ಕಾನೂನಿನಂತೆ ಪಳಗಿಸಿದ ನಾಯಿಯೊಡನೆಯೇ ಹುಡುಕಬೇಕು.

ಇವೆಲ್ಲಕ್ಕಿಂತ ನಮ್ಮ ಅಡಿಗೆಮನೆಗೆ ಹತ್ತಿರವಾದ ಪದಾರ್ಥ ಒಂದುಂಟು. ನೊರ್ಚಾದಿಂದ ಬೆಟ್ಟದ ದಾರಿ ಹಿಡಿದು ಹೊರಟರೆ ೧,೪೫೦ ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿ ಕಾಸ್ತೆಲ್ಲೂಚೊ ಎಂಬ ಹಳ್ಳಿ ಬರುತ್ತದೆ. ಅದರ ಕೆಳಗೆ ತಟ್ಟೆಯಂತೆ ಹರಡಿದ ವಿಶಾಲವಾದ ಬಯಲು. ಅಲ್ಲಿನವರು ಅದನ್ನು ಪಿಯಾನ್ ಗ್ರಾಂದೆ, ಎಂದರೆ ಹಿರಿಬಯಲು ಎನ್ನುತ್ತಾರೆ. ಸುತ್ತ ಬೆಟ್ಟಗಳ ಕೋಟೆ. ಅವುಗಳಲ್ಲಿ ೨,೪೭೬ ಮೀಟರಿನ ವೆತ್ತೊರೆ ಶಿಖರವೇ ಹಿರಿದು. ಈ ಬಯಲಿನಿಂದ ಹೊರಕ್ಕೆ ಹರಿಯುವ ಹೊಳೆಯಿಲ್ಲ. ಕರಗಿದ ಹಿಮದ ನೀರು ಒಂದು ಕಂದಕವನ್ನು ಹಿಡಿದು ಹೋಗಿ ಸುಣ್ಣಕಲ್ಲಿನ ಬಿಲದಲ್ಲಿ ಇಳಿದು ಮಾಯವಾಗುತ್ತದೆ. ಮರವಿಲ್ಲ, ನೆರಳಿಲ್ಲ. ವರ್ಷದಲ್ಲಿ ಬಹುಕಾಲ ಹಿಮ, ಇಲ್ಲವೆ ಗಾಳಿ.

ಇಂಥಲ್ಲಿ ಬೆಳೆಯುವುದು ಮಸೂರ. ನಮ್ಮಲ್ಲಿ ಚನ್ನಂಗಿ ಬೇಳೆಯೆಂದು ಕರೆಯುವ ಧಾನ್ಯದ ತಮ್ಮನೆನ್ನಬಹುದು. ಕಾಳು ಬಲು ಸಣ್ಣದು, ಸಿಪ್ಪೆ ತೆಳು. ಒಂದೇ ಹಿಡಿಯಲ್ಲಿ ಹಸಿರು, ಹಳದಿ, ಕಂದು ಬಣ್ಣಗಳು ಬೆರೆತಿರುತ್ತವೆ. ಹಿಮ ಕರಗಿದ ಮೇಲೆ ವಸಂತದಲ್ಲಿ ಬಿತ್ತನೆ, ಜುಲೈ ಕೊನೆಯಿಂದ ಆಗಸ್ಟಿನಲ್ಲಿ ಕೊಯ್ಲು. ಯಂತ್ರ ಬರುವ ಮುಂಚೆ ಹೆಂಗಸರು ಸಾಲಾಗಿ ಬಗ್ಗಿ ಗಿಡಗಳನ್ನು ಬೇರುಸಹಿತ ಕೈಯಿಂದ ಕೀಳುತ್ತಿದ್ದರು. ಮಣ್ಣಿನ ಸತ್ವ ಉಳಿಯಲೆಂದು ಒಂದು ವರ್ಷ ಮಸೂರ, ಒಂದು ವರ್ಷ ಗೋಧಿಯ ಜಾತಿ, ಒಂದು ವರ್ಷ ಹುಲ್ಲು ಎಂದು ಹೊಲವನ್ನು ಸರದಿಯ ಮೇಲೆ ಬಿಡುವುದು ಅಲ್ಲಿನ ವಾಡಿಕೆ. ಈ ಮಸೂರದ ಹೆಸರಿಗೂ ೧೯೯೭ರಲ್ಲಿಯೇ ಕಾನೂನಿನ ರಕ್ಷಣೆ ದೊರೆಯಿತು.

ಜೂನ್ ತಿಂಗಳ ಕೊನೆ, ಜುಲೈ ತಿಂಗಳ ಮೊದಲಲ್ಲಿ ಈ ಹಿರಿಬಯಲಿಗೆ ಸಾವಿರಾರು ಜನ ಬರುತ್ತಾರೆ. ಬರುವುದು ಮಸೂರದ ಹೂವನ್ನು ನೋಡುವುದಕ್ಕಲ್ಲ. ಅದು ಕಣ್ಣಿಗೆ ಬೀಳದಷ್ಟು ಚಿಕ್ಕದು. ಕೆಂಪು ಗಸಗಸೆ ಜಾತಿಯ ಹೂ, ನೀಲಿಯ ಕಾರ್ನ್‌ಫ್ಲವರ್, ಹಳದಿಯ ಕಾಡುಸಾಸಿವೆ ಇವು ಹೊಲಹೊಲದಲ್ಲೂ ಪಟ್ಟೆ ಪಟ್ಟೆಯಾಗಿ ಅರಳಿ, ಬಯಲೆಲ್ಲ ಜಮಖಾನ ಹಾಸಿದಂತಾಗುತ್ತದೆ. ವಿಚಾರಮಾಡಿ ನೋಡಿದರೆ ಇವೆಲ್ಲ ಕಳೆಗಳು! ಕಳೆ ಕೊಲ್ಲುವ ಔಷಧವನ್ನು ಹೊಡೆಯದೆ ಬೇಸಾಯ ಮಾಡುವುದರಿಂದ ಮಾತ್ರ ಅವು ಉಳಿದಿವೆ. ರೈತನಿಗೆ ಇಳುವರಿ ಕಡಮೆ. ಪ್ರವಾಸಿಗೆ ಕಣ್ಣಿನ ಹಬ್ಬ.

ಈ ಕಾಳನ್ನು ನೆನೆಹಾಕಬೇಕಾಗಿಲ್ಲ. ತಣ್ಣೀರಿನಲ್ಲಿ ಒಂದು ಎಸಳು ಬೆಳ್ಳುಳ್ಳಿ, ಒಂದು ಕಡ್ಡಿ ಸೆಲೆರಿ ಸೊಪ್ಪು ಹಾಕಿ ಒಲೆಯ ಮೇಲಿಟ್ಟರೆ ಅರ್ಧ ಗಂಟೆಯೊಳಗೆ ಬೇಯುತ್ತದೆ, ಕರಗಿ ಮುದ್ದೆಯಾಗುವುದಿಲ್ಲ. ಉಪ್ಪು ಕೊನೆಯಲ್ಲಿ. ಸುಟ್ಟ ರೊಟ್ಟಿಯ ಚೂರಿನ ಮೇಲೆ ಬಡಿಸಿ, ಹಸಿ ಆಲಿವ್ ಎಣ್ಣೆಯನ್ನು ಒಂದು ಸುತ್ತು ಹಾಕಿದರೆ ಊಟ ಸಿದ್ಧ. ಮಾಂಸ ತಿನ್ನುವವರು ಜೊತೆಗೆ ಹುರಿದ ಸಾಸೇಜನ್ನು ಇಟ್ಟುಕೊಳ್ಳುತ್ತಾರೆ. ಇಟಲಿಯಲ್ಲಿ ಹೊಸ ವರ್ಷದ ಊಟಕ್ಕೆ ಮಸೂರ ಇರಲೇಬೇಕೆಂಬ ನಂಬಿಕೆಯಿದೆ. ಕಾಳು ನಾಣ್ಯದ ಆಕಾರದ್ದಾದುದರಿಂದ ಎಷ್ಟು ಕಾಳು ತಿಂದರೆ ಅಷ್ಟು ಹಣವಂತೆ. ನಾವು ಯುಗಾದಿಯ ದಿನ ಬೇವು ಬೆಲ್ಲ ತಿಂದಂತೆ ಅವರದೂ ಒಂದು ಶಕುನದ ಊಟ.

ಈವರೆಗೆ ಹೇಳಿದ ಬೆಟ್ಟ, ಬಯಲು, ಊಟೆ ಇವೆಲ್ಲವನ್ನೂ ರೂಪಿಸಿದ ಶಕ್ತಿಯೇ ಊರಿನ ಶತ್ರುವೂ ಆಗಿದೆ. ಅಪೆನ್ನೈನ್ ಪ್ರದೇಶದಲ್ಲಿ ಭೂಮಿಯ ಹೊರಪದರ ಮೆಲ್ಲಮೆಲ್ಲನೆ ಎರಡು ಕಡೆಗೂ ಎಳೆಯಲ್ಪಡುತ್ತಿದೆ. ಎಳೆತ ಮಿತಿ ಮೀರಿದಾಗ ಸ್ತರಭಂಗದ ಗೆರೆಯ ಒಂದು ಮಗ್ಗುಲು ಕೆಳಕ್ಕೆ ಜಾರುತ್ತದೆ. ಹೀಗೆ ಲಕ್ಷಾಂತರ ವರ್ಷ ಜಾರಿ ಜಾರಿ ಆದುದೇ ಬೆಟ್ಟಗಳ ನಡುವಣ ಈ ಸಮತಟ್ಟಾದ ಬಯಲುಗಳು. ಜನ ಬೇಸಾಯಕ್ಕೆಂದು ಆರಿಸಿಕೊಂಡ ಒಳ್ಳೆಯ ನೆಲ ಭೂಕಂಪವೇ ಮಾಡಿಕೊಟ್ಟ ನೆಲ.

೧೭೦೩ರ ಜನವರಿ ೧೪ರ ಭೂಕಂಪದಲ್ಲಿ ನೊರ್ಚಾ ನೆಲಸಮವಾಯಿತು. ಸುತ್ತಣ ಸೀಮೆಯಲ್ಲಿ ಸಾವಿರಾರು ಜನ ಸತ್ತರು. ೧೮೫೯ರ ಆಗಸ್ಟ್ ೨೨ರಂದು ಮತ್ತೊಂದು. ಸುಮಾರು ನೂರು ಮಂದಿ ಸತ್ತರು. ಆಗ ಊರು ಪೋಪರ ರಾಜ್ಯಕ್ಕೆ ಸೇರಿತ್ತು. ಪೋಪ್ ಒಂಬತ್ತನೆಯ ಪಯಸ್ ಅವರ ಸರ್ಕಾರ ಪ್ರಾರ್ಥನೆ ಮಾಡಿಸಿ ಸುಮ್ಮನಾಗಲಿಲ್ಲ. ನಕ್ಷತ್ರಗಳನ್ನು ಅವುಗಳ ಬೆಳಕಿನ ವರ್ಣಪಟದಿಂದ ವಿಂಗಡಿಸಿ ಕೀರ್ತಿ ಪಡೆದ ಖಗೋಳಜ್ಞ ಆಂಜೆಲೊ ಸೆಕ್ಕಿ ಪಾದ್ರಿಯನ್ನೂ, ಲೂಯಿಜಿ ಪೊಲೆತ್ತಿ ಎಂಬ ವಾಸ್ತುಶಿಲ್ಪಿಯನ್ನೂ ಊರಿಗೆ ಕಳಿಸಿತು. ಯಾವ ಮನೆ ಬಿತ್ತು, ಯಾವುದು ಬೀಳಲಿಲ್ಲ, ಏಕೆ ಎಂಬುದನ್ನು ಅವರು ಪರೀಕ್ಷಿಸಿದರು. ಅದರ ಫಲವಾಗಿ ೧೮೬೦ರಲ್ಲಿ ಕಟ್ಟಡದ ನಿಯಮಾವಳಿಯೊಂದು ಹೊರಬಿತ್ತು. ಮನೆಗೆ ಎರಡು ಅಂತಸ್ತಿಗಿಂತ ಹೆಚ್ಚು ಕೂಡದು, ಎತ್ತರ ಎಂಟೂವರೆ ಮೀಟರ್ ಮೀರಕೂಡದು, ಗೋಡೆ ದಪ್ಪವಾಗಿರಬೇಕು. ಇಂದಿಗೂ ನೊರ್ಚಾದ ಬೀದಿಗಳಲ್ಲಿ ನಿಂತರೆ ಇತರ ಇಟಾಲಿಯನ್ ಊರುಗಳ ಹಾಗೆ ಎತ್ತರದ ಮನೆಗಳು ಆಕಾಶವನ್ನು ಮರೆಮಾಡುವುದಿಲ್ಲ. ಬುಡದಲ್ಲಿ ಅಗಲವಾಗಿ ಮೇಲೆ ಮೇಲೆ ಕಿರಿದಾಗುವ ಇಳಿಜಾರು ಗೋಡೆಗಳ ತಗ್ಗಾದ ಮನೆಗಳು ಅವು. ೧೯೭೯ರ ಸೆಪ್ಟೆಂಬರಿನಲ್ಲಿ ನೆಲ ಪುನಃ ನಡುಗಿದ ಮೇಲೆ ಆ ಮನೆಗಳನ್ನು ಇನ್ನಷ್ಟು ಬಿಗಿಗೊಳಿಸಿದರು.

ಈ ವಿವೇಕದ ಪರೀಕ್ಷೆ ೨೦೧೬ರಲ್ಲಿ ನಡೆಯಿತು. ಆ ವರ್ಷ ಆಗಸ್ಟ್ ೨೪ರ ನಸುಕಿನಲ್ಲಿ, ಜನ ಮಲಗಿದ್ದ ಹೊತ್ತಿನಲ್ಲಿ, ೬.೦ ಪ್ರಮಾಣದ ಭೂಕಂಪವಾಗಿ ಅಮಾತ್ರೀಚೆ ಮೊದಲಾದ ಊರುಗಳು ಮಣ್ಣುಪಾಲಾದುವು. ಸುಮಾರು ೩೦೦ ಜನ ಸತ್ತರು. ನೊರ್ಚಾ ಅಲ್ಲಿಂದ ಬಹಳ ದೂರವಿರಲಿಲ್ಲ. ಮನೆಗಳು ಬಿರುಕು ಬಿಟ್ಟುವು. ಆದರೆ ಊರಿನಲ್ಲಿ ಒಂದು ಜೀವವೂ ಹೋಗಲಿಲ್ಲ. ಅಕ್ಟೋಬರ್ ೨೬ರಂದು ಮತ್ತೆ ಕಂಪನ. ಅಕ್ಟೋಬರ್ ೩೦, ಭಾನುವಾರ, ಬೆಳಗ್ಗೆ ೭ ಗಂಟೆ ೪೦ ನಿಮಿಷಕ್ಕೆ ನೊರ್ಚಾದ ಹತ್ತಿರವೇ ೬.೫ ಪ್ರಮಾಣದ ಕಂಪನ. ೧೯೮೦ರಿಂದೀಚೆಗೆ ಇಟಲಿ ಕಂಡ ಭೂಕಂಪಗಳಲ್ಲಿ ಅದೇ ದೊಡ್ಡದು. ಸಂತ ಬೆನಡಿಕ್ಟನ ತಂದೆತಾಯಿಗಳ ಮನೆಯಿದ್ದ ಜಾಗದಲ್ಲಿ ಕಟ್ಟಿದ್ದೆಂದು ನಂಬಲಾದ ಮಧ್ಯಯುಗದ ಚರ್ಚು ಕುಸಿದು, ಮುಂಭಾಗದ ಗೋಡೆಯೊಂದೇ ನಿಂತಿತು. ಊರಿನ ಚರ್ಚುಗಳು ಒಂದರ ಮೇಲೊಂದು ಬಿದ್ದುವು. ಚೌಕದ ನಡುವಿನ ಬೆನಡಿಕ್ಟನ ಪ್ರತಿಮೆ ಮಾತ್ರ ಕೈಯೆತ್ತಿಕೊಂಡು ಹಾಗೆಯೇ ನಿಂತಿತ್ತು. ಸಂನ್ಯಾಸಿಗಳೂ ಊರವರೂ ಅದರ ಬಳಿ ಮೊಣಕಾಲೂರಿ ಕುಳಿತು ಪ್ರಾರ್ಥಿಸಿದರು. ಅಂದೂ ಆ ಕಂಪನದಿಂದ ಯಾರೂ ಸಾಯಲಿಲ್ಲ.

ಇದು ಪವಾಡವೆಂದು ಹೇಳುವವರಿದ್ದಾರೆ. ಅವರ ಭಕ್ತಿಯನ್ನು ಅಲ್ಲಗಳೆಯುವುದು ಬೇಡ. ಆದರೆ ಲೌಕಿಕವಾದ ಕಾರಣಗಳೂ ಸ್ಪಷ್ಟವಾಗಿವೆ. ಹಿಂದಿನ ಕಂಪನಗಳಿಗೆ ಹೆದರಿ ಬಹಳ ಜನ ಮನೆ ಬಿಟ್ಟು ಹೊರಗಿದ್ದರು. ಇನ್ನುಳಿದ ಕೀರ್ತಿ ತಗ್ಗು ಮನೆಗಳಿಗೆ ಸಲ್ಲಬೇಕು. ಎತ್ತರದ ಚರ್ಚುಗಳು ಬಿದ್ದು ಎರಡಂತಸ್ತಿನ ಮನೆಗಳು ನಿಂತುವೆಂಬುದೇ ೧೮೬೦ರ ನಿಯಮಾವಳಿಗೆ ಸಿಕ್ಕ ಪ್ರಶಸ್ತಿ.

ಕಾಸ್ತೆಲ್ಲೂಚೊ ಹಳ್ಳಿಗೆ ಆ ಭಾಗ್ಯವಿರಲಿಲ್ಲ. ಅದರ ಬಹುಭಾಗ ಪುಡಿಯಾಯಿತು. ವೆತ್ತೊರೆ ಬೆಟ್ಟದ ಮಗ್ಗುಲಲ್ಲಿ ನೆಲ ಸೀಳಿ, ಕೆಲವೆಡೆ ಎರಡು ಮೀಟರಿನಷ್ಟು ಕೆಳಕ್ಕೆ ಜಾರಿದ ಗುರುತು ಬಂಡೆಯ ಮೇಲೆ ಬಿಳಿಯ ಪಟ್ಟೆಯಾಗಿ ನಿಂತಿತು. ನೊರ್ಚಾದಿಂದ ಮೇಲೆ ಹೋಗುವ ರಸ್ತೆ ಮುರಿಯಿತು. ಚಳಿಗಾಲ ಕಳೆದು ೨೦೧೭ರ ವಸಂತ ಬಂದಾಗ ರೈತರ ಮುಂದೆ ಇದ್ದ ಪ್ರಶ್ನೆ ಒಂದೇ: ಈಗ ಬಿತ್ತದಿದ್ದರೆ ಬೀಜಕ್ಕೂ ಕಾಳಿಲ್ಲ, ಜನ ಚದುರಿಹೋದರೆ ಊರೂ ಇಲ್ಲ. ಮನೆಗಿಂತ ಮೊದಲು ಅವರು ಕೇಳಿದ್ದು ದಾರಿಯನ್ನು. ಮುರಿದ ರಸ್ತೆಯನ್ನು ಅಷ್ಟಿಷ್ಟು ಸರಿಪಡಿಸಿ, ಬೆಂಗಾವಲಿನೊಡನೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ಬೆಟ್ಟ ಹತ್ತಿದುವು. ಹಾಳು ಹಳ್ಳಿಯ ಕೆಳಗೆ ಬಿತ್ತನೆಯಾಯಿತು. ಆ ಬೇಸಗೆಯಲ್ಲೂ ಬಯಲು ಎಂದಿನಂತೆ ಹೂಬಿಟ್ಟಿತು.

ಎಲ್ಲವೂ ಸುಖಾಂತವಾಯಿತೆಂದು ಹೇಳಿದರೆ ಅದು ಸುಳ್ಳಾದೀತು. ಮನೆ ಕಳೆದುಕೊಂಡವರು ಸರ್ಕಾರ ಕಟ್ಟಿಸಿದ ತಾತ್ಕಾಲಿಕ ವಸತಿಗಳಲ್ಲಿ ವರ್ಷಗಟ್ಟಲೆ ಕಾದರು. ಕಾಗದಪತ್ರದ ಕೆಲಸ ಕಲ್ಲಿನ ಕೆಲಸಕ್ಕಿಂತ ನಿಧಾನವಾಗಿ ಸಾಗಿತು. ೧೮೧೦ರಲ್ಲಿ ನೆಪೋಲಿಯನ್ನನ ಕಾಲದ ಕಾನೂನಿನಿಂದ ಊರು ಬಿಟ್ಟು, ೨೦೦೦ದಲ್ಲಷ್ಟೆ ಹಿಂದಿರುಗಿದ್ದ ಬೆನಡಿಕ್ಟ್ ಪಂಥದ ಸಂನ್ಯಾಸಿಗಳು ಊರ ಹೊರಗಿನ ಬೆಟ್ಟದ ಮೇಲೆ ಹೊಸ ನೆಲೆ ಮಾಡಿಕೊಂಡರು. ಬಿದ್ದ ಚರ್ಚಿನ ಕಲ್ಲುಗಳನ್ನು ಒಂದೊಂದಾಗಿ ಆರಿಸಿ, ಜೋಡಿಸಿ, ಗೋಡೆಗಳಿಗೆ ಬಲ ಕೊಟ್ಟು ಕಟ್ಟುವುದಕ್ಕೆ ಒಂಬತ್ತು ವರ್ಷ ಹಿಡಿಯಿತು. ೨೦೨೫ರ ಅಕ್ಟೋಬರ್ ಕೊನೆಯಲ್ಲಿ ಅದರ ಬಾಗಿಲು ಮತ್ತೆ ತೆರೆಯಿತು.

ಓದುಗರೆ, ಭೂಕಂಪವನ್ನು ತಡೆಯುವ ವಿದ್ಯೆ ಯಾರಲ್ಲಿಯೂ ಇಲ್ಲ. ಅದು ಬರುವ ದಿನವನ್ನು ಹೇಳಬಲ್ಲ ಶಾಸ್ತ್ರವೂ ಇಲ್ಲ. ಮನೆ ಎಷ್ಟೆತ್ತರವಿರಬೇಕೆಂಬುದನ್ನು ನಿಶ್ಚಯಿಸುವುದು ಮಾತ್ರ ಮನುಷ್ಯನ ಕೈಯಲ್ಲಿದೆ. ೧೮೬೦ರಲ್ಲಿ ತನ್ನ ಮನೆಯ ಮೇಲೆ ಮೂರನೆಯ ಅಂತಸ್ತನ್ನು ಕಟ್ಟಲು ಬಿಡಲಿಲ್ಲವೆಂದು ಗೊಣಗಿದ ನೊರ್ಚಾದ ಗೃಹಸ್ಥನಿಗೆ, ೧೫೬ ವರ್ಷಗಳ ತರುವಾಯ ಅದೇ ಸೂರಿನ ಕೆಳಗೆ ಮಲಗಿದ್ದ ಮಕ್ಕಳು ಬದುಕಿ ಉಳಿಯುವರೆಂಬುದು ಗೊತ್ತಿರಲು ಸಾಧ್ಯವಿಲ್ಲ. ಮುಂದೆ ಎಂದಾದರೂ ಆಕಾಶವಾಣಿಯ ವಾರ್ತೆಯಲ್ಲಿ ಎಲ್ಲಿಯೋ ಭೂಮಿ ನಡುಗಿತೆಂದು ಕೇಳಿದಾಗ, ಅದರ ಪ್ರಮಾಣವೆಷ್ಟೆಂದು ಕೇಳುವುದರೊಡನೆ ಅಲ್ಲಿನ ಮನೆಗಳನ್ನು ಹೇಗೆ ಕಟ್ಟಿದ್ದರೆಂಬುದನ್ನೂ ವಿಚಾರಿಸಿ ನೋಡಿರಿ. ಸತ್ತವರ ಲೆಕ್ಕಕ್ಕೆ ಕಾರಣ ಬಹುಮಟ್ಟಿಗೆ ಅಲ್ಲಿಯೇ ಸಿಕ್ಕುತ್ತದೆ.